ಮೆಟ್ಟಿಲಿಲ್ಲದ ಮಿನಾರು

ಅಮ್ಮನಿಗೆ ಮಂಡಿನೋವು. ಸ್ಪೇನಿನ ಸೆವಿಯಾದಲ್ಲಿ ನೂರು ಮೀಟರಿನಷ್ಟು ಎತ್ತರದ ಆ ಗೋಪುರ ನೋಡಿ, "ನೀನು ಹತ್ತಿ ಬಾ, ನಾನು ಕೆಳಗೇ ಕೂತಿರ್ತೀನಿ" ಅಂದಳು. ಒಳಗೆ ಮೆಟ್ಟಿಲಲ್ಲ, ರ‍್ಯಾಂಪು ಅಂತ ಗೊತ್ತಾದ ಮೇಲೆ ನನ್ನ ಕೈ ಹಿಡಿದು ಹೊರಟಳು.

ಗೋಪುರದ ಹೆಸರು ಬರೆಯುವಾಗ ಗಿರಾಲ್ಡಾ, ಅಲ್ಲಿಯವರ ಬಾಯಲ್ಲಿ ಹಿರಾಲ್ಡಾ. ಈಗ ಕೆಥೆಡ್ರಲಿನ ಗಂಟೆ ಗೋಪುರ. ಆದರೆ ಕಟ್ಟಿದ್ದು ಮಸೀದಿಯ ಮಿನಾರು ಅಂತ. 1184ರಲ್ಲಿ, ಆಗ ಇಲ್ಲಿ ಆಳುತ್ತಿದ್ದ ಅಲ್ಮೊಹದ್ ಅನ್ನುವ ಮುಸ್ಲಿಂ ವಂಶದ ದೊರೆ ಅಬು ಯಾಕುಬ್ ಯೂಸುಫ್ ಶುರು ಮಾಡಿಸಿದ. ಮುಗಿದದ್ದು ಅವನ ಮಗನ ಕಾಲದಲ್ಲಿ, 1198ಕ್ಕೆ. ಬುಡದಲ್ಲಿ ರೋಮನ್ನರ ಕಾಲದ ಕಲ್ಲುಗಳೂ ಇವೆ, ಲ್ಯಾಟಿನ್ ಅಕ್ಷರಗಳ ಸಮೇತ.

ಒಟ್ಟು 35 ರ‍್ಯಾಂಪುಗಳು. ಆಜಾನ್ ಕೂಗುವವರು ಕುದುರೆ ಮೇಲೆ ಕೂತೇ ಹೋಗಲಿ ಅಂತ ಹೀಗೆ ಕಟ್ಟಿದರಂತೆ. ದಿನಕ್ಕೆ ಐದು ಸಲ ಹತ್ತಬೇಕಲ್ವಾ? ಯಾರದೋ ಕಾಲಿನ ಆಯಾಸ ನೆನೆದು ಕಟ್ಟಿದ ದಾರಿ ಎಂಟುನೂರು ವರ್ಷದ ಮೇಲೆ ನನ್ನಮ್ಮನಿಗೆ ಒದಗಿತು. ಕಿಟಕಿ ಸಿಕ್ಕಲ್ಲೆಲ್ಲ ನಿಂತು, ಉಸಿರು ತಗೊಂಡು, ಮತ್ತೆ ನಡೆದಳು.

1248ರಲ್ಲಿ ಕ್ರೈಸ್ತ ದೊರೆ ಮೂರನೇ ಫರ್ಡಿನಾಂಡ್ ಊರನ್ನು ಗೆದ್ದ. ಸೋತವರು ಮಿನಾರನ್ನು ಬಿಟ್ಟುಕೊಡುವ ಬದಲು ಕೆಡವಲು ಹೊರಟಿದ್ದರಂತೆ. "ಒಂದು ಇಟ್ಟಿಗೆ ಅಲುಗಿದರೂ ಯಾರ ತಲೆಯೂ ಉಳಿಯದು" ಅಂತ ಫರ್ಡಿನಾಂಡನ ಮಗ, ರಾಜಕುಮಾರ ಅಲ್ಫಾನ್ಸೊ ಎಚ್ಚರಿಸಿದ ಅನ್ನುವ ಕಥೆ ಇದೆ. ಕ್ರೂರ ಮಾತು. ಆದರೂ ಈ ಚೆಲುವಿಗೆ ಅವನೂ ಮನಸೋತಿದ್ದ ಅನಿಸುತ್ತದೆ.

ಮಸೀದಿಯೇ ಚರ್ಚ್ ಆಯಿತು. ಮಿನಾರಿನ ತುದಿಯಲ್ಲಿ ಚಿನ್ನದ ಲೇಪದ ನಾಲ್ಕು ಗೋಳಗಳಿದ್ದವು. ಹದಿನಾಲ್ಕನೇ ಶತಮಾನದ ಭೂಕಂಪದಲ್ಲಿ ಅವು ಉದುರಿದವು. ಆಮೇಲೆ ಅಲ್ಲಿ ಶಿಲುಬೆ ಬಂತು, ಗಂಟೆ ಬಂತು. 1401ರಲ್ಲಿ ಹೊಸ ಕೆಥೆಡ್ರಲ್ ಕಟ್ಟುವ ತೀರ್ಮಾನವಾಗಿ ಮಸೀದಿ ಹೋಯಿತು. ಮಿನಾರು ಮತ್ತು ಕಿತ್ತಳೆ ಮರಗಳ ಅಂಗಳ ಉಳಿದವು. 1558ರಿಂದ 1568ರವರೆಗೆ ವಾಸ್ತುಶಿಲ್ಪಿ ಎರಡನೇ ಹೆರ್ನಾನ್ ರುಯಿಸ್ ಮೇಲೆ ಗಂಟೆಗಳ ಅಂತಸ್ತು ಕಟ್ಟಿದ. ತುದಿಗೆ ಗಾಳಿಗೆ ತಿರುಗುವ ಕಂಚಿನ ಹೆಣ್ಣುಮೂರ್ತಿ. ಸ್ಪ್ಯಾನಿಷ್‌ನಲ್ಲಿ 'ಹಿರಾರ್' ಅಂದರೆ ತಿರುಗು. ಗೋಪುರದ ಹೆಸರು ಬಂದದ್ದು ಅದರಿಂದಲೇ.

ಕೊನೆಯಲ್ಲಿ ಮಾತ್ರ 17 ಮೆಟ್ಟಿಲುಗಳಿವೆ. ಅಮ್ಮ ಅವನ್ನೂ ಹತ್ತಿದಳು. ತಲೆ ಮೇಲೆ ಸಾಲು ಸಾಲು ಗಂಟೆಗಳು.

ಇಳಿದು ಬಂದು ಕಿತ್ತಳೆ ಅಂಗಳದಲ್ಲಿ ಕೂತೆವು. ಹಿಂದೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುತ್ತಿದ್ದ ಜಾಗ ಅದು. ಅಮ್ಮ ತುಂಬ ಹೊತ್ತು ಮೇಲೇ ನೋಡುತ್ತಿದ್ದಳು. ಬಲೆ ಹೆಣೆದ ಹಾಗಿರುವ ಇಟ್ಟಿಗೆ ಕೆಲಸ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಬೆರಳು ತೋರಿಸಿ, "ಇಲ್ಲಿಂದ ಮೇಲೆ ಬೇರೆಯವರ ಕೈ, ನೋಡು" ಅಂದಳು.