ಒದ್ದೆ ಅಂಗಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದೆ

ಫೊರೆನ್ಸಿಕ್, ಅಂದರೆ ಅಪರಾಧದ ಸಾಕ್ಷ್ಯಗಳನ್ನು ಪರೀಕ್ಷಿಸುವ ವಿಜ್ಞಾನ, ಓದುತ್ತಿದ್ದಾಗ ನಮಗೊಂದು ಪ್ರಾಕ್ಟಿಕಲ್ ಇತ್ತು. ಪ್ರಾಣಿಯ ರಕ್ತ ಹಚ್ಚಿದ ಹತ್ತಿ ಅಂಗಿಯೊಂದನ್ನು ನೆಲದ ಮೇಲೆ ಹಾಕಿರುತ್ತಿದ್ದರು. ಅದರ ಫೋಟೊ ತೆಗೆದು, ಎತ್ತಿ, ಪ್ಯಾಕ್ ಮಾಡಿ, ಚೀಟಿ ಬರೆದು ಕೊಡಬೇಕು, ಅಷ್ಟೇ. ನಾನು ಅಂಗಿಯನ್ನು ನೀಟಾಗಿ ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿಯಾಗಿ ಮುಚ್ಚಿ ಸೀಲ್ ಮಾಡಿದೆ. ಐದು ದಿನ ಬಿಟ್ಟು ಅದೇ ಚೀಲವನ್ನು ನನ್ನ ಕೈಗೇ ಕೊಟ್ಟು ಬಿಚ್ಚು ಅಂದರು. ಚೀಲದ ಒಳಗೋಡೆಯ ತುಂಬ ನೀರಿನ ಹನಿ. ಬಿಚ್ಚಿದ ಕೂಡಲೇ ಕೊಳೆತ ವಾಸನೆ. ಕಲೆಯ ಅಂಚಿನಲ್ಲಿ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ಅದಕ್ಕಿಂತ ಬೇಸರವಾಗಿದ್ದು ಇನ್ನೊಂದು: ಎದೆಯ ಮೇಲೆ ಮಾತ್ರ ಇದ್ದ ಕಲೆ, ನಾನು ಮಡಚಿದ್ದರಿಂದ ತೋಳಿಗೂ ಹೊಟ್ಟೆಯ ಭಾಗಕ್ಕೂ ಅಚ್ಚಾಗಿ ಕೂತಿತ್ತು. ರಕ್ತ ಎಲ್ಲಿಂದ ಹೇಗೆ ಬಿತ್ತು ಅಂತ ಆ ಅಂಗಿ ಹೇಳಬಹುದಾಗಿದ್ದ ಕಥೆಯನ್ನು ನನ್ನ ಕೈಯಾರೆ ಕೆಡಿಸಿದ್ದೆ.

ಇಷ್ಟು ವರ್ಷ ಆದರೂ ಯಾರಾದರೂ ಫೊರೆನ್ಸಿಕ್ ಅಂದ ತಕ್ಷಣ ನನಗೆ ನೆನಪಾಗೋದು ಮೈಕ್ರೋಸ್ಕೋಪ್ ಅಲ್ಲ, ಆ ಅಂಗಿ. ಜನ ಎಲ್ಲ ಕೇಳೋದು ಲ್ಯಾಬ್ ಬಗ್ಗೆ, ಯಂತ್ರಗಳ ಬಗ್ಗೆ. ಆದರೆ ಲ್ಯಾಬ್‌ಗೆ ಬರುವ ಮೊದಲೇ ಸಾಕ್ಷ್ಯ ಕೆಟ್ಟಿದ್ದರೆ ಎಷ್ಟು ದುಬಾರಿ ಯಂತ್ರ ಇದ್ದರೂ ಅದನ್ನು ಸರಿ ಮಾಡೋಕೆ ಆಗಲ್ಲ. ಅದಕ್ಕೇ ಎತ್ತುವ, ಕಟ್ಟುವ, ಬರೆದಿಡುವ ಕೆಲಸದ ಬಗ್ಗೆ ಬರೆಯೋಣ ಅನ್ನಿಸಿತು.

ಈ ವಿದ್ಯೆಯ ಬುಡದಲ್ಲಿರುವ ವಿಚಾರ ಎಡ್ಮಂಡ್ ಲೊಕಾರ್ಡ್ ಅವರದ್ದು. 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೊಲೀಸರಿಗಾಗಿ ಪ್ರಯೋಗಾಲಯ ಶುರು ಮಾಡಿದವರು ಅವರು. ಎರಡು ವಸ್ತು ತಾಗಿದರೆ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ ಏನಾದರೂ ಅಂಟಿಕೊಳ್ಳುತ್ತದೆ ಅನ್ನುವುದು ಅವರ ವಿಚಾರ. ಕೂದಲು, ನೂಲಿನ ಎಳೆ, ಮಣ್ಣು, ಬಣ್ಣದ ಚಕ್ಕೆ, ಗಾಜಿನ ಚೂರು. ಅಪರಾಧಿಯನ್ನು ಹಿಡಿಯೋಕೆ ಇದು ದಾರಿ, ಸರಿ. ಆದರೆ ಇದೇ ನಿಯಮ ಸಾಕ್ಷ್ಯ ಎತ್ತಲು ಬಂದವರಿಗೂ ಅಷ್ಟೇ ಅನ್ವಯಿಸುತ್ತದೆ ಅಲ್ವಾ? ನಮ್ಮ ಚಪ್ಪಲಿಯ ಮಣ್ಣು, ನಮ್ಮ ಕೂದಲು, ಮಾತಾಡುವಾಗ ಸಿಡಿಯುವ ಎಂಜಲು, ಎಲ್ಲವೂ ಅಲ್ಲಿ ಉಳಿಯುತ್ತದೆ. ಮಾಸ್ಕ್ ಹಾಕಿ, ವಸ್ತುವಿಗೊಂದು ಗ್ಲೌಸ್ ಬದಲಾಯಿಸಿ ಅಂತ ಹೇಳೋದು ಇದಕ್ಕೇ. ಗ್ಲೌಸ್ ಹಾಕಿದ ಕೈಯಲ್ಲೇ ಮೂಗು ಒರೆಸಿಕೊಂಡು ಮುಂದಿನ ವಸ್ತು ಮುಟ್ಟಿದರೆ ಗ್ಲೌಸ್ ಹಾಕಿಯೂ ಉಪಯೋಗ ಇಲ್ಲ.

ಸಾಧ್ಯವಾದರೆ ಗುರುತು ಇರುವ ವಸ್ತುವನ್ನೇ ತಗೊಂಡು ಹೋಗಬೇಕು. ಅರ್ಜೆಂಟೀನಾದಲ್ಲಿ 1892ರಲ್ಲಿ ಇಬ್ಬರು ಮಕ್ಕಳ ಕೊಲೆಯಾದಾಗ ತನಿಖೆಗೆ ಬಂದ ಪೊಲೀಸ್ ಅಧಿಕಾರಿಗೆ ಬಾಗಿಲ ಮೇಲೆ ರಕ್ತದ ಬೆರಳಚ್ಚು ಕಂಡಿತು. ಅವರು ಆ ಜಾಗದ ಮರವನ್ನೇ ಗರಗಸದಿಂದ ಕತ್ತರಿಸಿ ತಗೊಂಡು ಹೋದರು. ಬೆರಳಚ್ಚುಗಳನ್ನು ವಿಂಗಡಿಸುವ ಪದ್ಧತಿ ಮಾಡಿದ್ದ ಹುವಾನ್ ವುಸೆಟಿಚ್ ಹತ್ತಿರ ಕಲಿತವರು ಅವರು. ಅಚ್ಚು ಮಕ್ಕಳ ತಾಯಿ ಫ್ರಾನ್ಸಿಸ್ಕಾ ರೋಹಾಸ್ ಬೆರಳಿಗೆ ಹೊಂದಿತು, ಆಕೆ ತಪ್ಪೊಪ್ಪಿಕೊಂಡಳು. ಒಂದು ಶತಮಾನಕ್ಕೂ ಹಿಂದೆ, ಯಾವ ಸೌಕರ್ಯವೂ ಇಲ್ಲದಾಗ ಇಷ್ಟು ಸರಿಯಾಗಿ ಯೋಚಿಸಿದ್ದು ನೋಡಿ!

ಈಗ ಪ್ಯಾಕಿಂಗ್. ಒದ್ದೆ ಬಟ್ಟೆಯನ್ನು ಮೊದಲು ನೆರಳಲ್ಲಿ, ಗಾಳಿ ಆಡುವ ಸ್ವಚ್ಛ ಜಾಗದಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಬಾರದು, ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ, ಬಿಸಿಗೆ ಡಿಎನ್ಎ ಕೆಡುತ್ತದೆ. ಆಮೇಲೆ ಮಡಿಕೆಗಳ ನಡುವೆ ಸ್ವಚ್ಛ ಕಾಗದ ಇಟ್ಟು ಕಾಗದದ ಚೀಲಕ್ಕೆ ಹಾಕಬೇಕು. ಕಾಗದ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರಾಡಲ್ಲ. ತೇವ ಒಳಗೇ ಉಳಿದರೆ ಬ್ಯಾಕ್ಟೀರಿಯಾ ಮತ್ತು ಬೂಷ್ಟು ಬೆಳೆದು ರಕ್ತವನ್ನು ತಿಂದು ಹಾಕುತ್ತವೆ.

ಬೆಂಕಿ ಹಚ್ಚಿದ ಕೇಸ್ ಆದರೆ ಎಲ್ಲ ಉಲ್ಟಾ. ಅಲ್ಲಿ ಹುಡುಕೋದು ಪೆಟ್ರೋಲ್, ಸೀಮೆಎಣ್ಣೆಯ ಆವಿ. ಕಾಗದದ ಚೀಲಕ್ಕೆ ಹಾಕಿದರೆ ಅದು ಆರಿಯೇ ಹೋಗುತ್ತದೆ, ಮಾಮೂಲಿ ಪ್ಲಾಸ್ಟಿಕ್ಕೂ ಅದನ್ನು ತಡೆಯಲ್ಲ. ಹಾಗಾಗಿ ಪೇಂಟ್ ಡಬ್ಬಿಯಂಥ ಹೊಸ ಲೋಹದ ಡಬ್ಬಿಗೆ ಹಾಕಿ ಗಾಳಿ ಆಡದ ಹಾಗೆ ಮುಚ್ಚುತ್ತಾರೆ, ಮೇಲೆ ಸ್ವಲ್ಪ ಜಾಗ ಬಿಟ್ಟು, ಯಾಕಂದ್ರೆ ಲ್ಯಾಬ್‌ನವರು ಪರೀಕ್ಷೆ ಮಾಡೋದು ಆ ಖಾಲಿ ಜಾಗದಲ್ಲಿ ಸೇರಿದ ಆವಿಯನ್ನೇ. ಕೂದಲು, ಪುಡಿ, ಬಣ್ಣದ ಚಕ್ಕೆಗಳಿಗೆ ಲಕೋಟೆ ಸಾಲದು, ಮೂಲೆಯ ಸಂದಿಯಿಂದ ಉದುರಿ ಹೋಗುತ್ತವೆ. ಹಳೆಯ ಕಾಲದಲ್ಲಿ ಔಷಧಿ ಪುಡಿ ಕಟ್ಟಿಕೊಡುತ್ತಿದ್ದ ಹಾಗೆ ಕಾಗದದ ಪೊಟ್ಟಣ ಕಟ್ಟಿ, ಆ ಪೊಟ್ಟಣವನ್ನು ಲಕೋಟೆಯಲ್ಲಿಡಬೇಕು. ಹಗ್ಗ ಇದ್ದರೆ ಗಂಟು ಬಿಚ್ಚಬಾರದು. ಗಂಟಿನಿಂದ ದೂರ ಕತ್ತರಿಸಿ, ಕತ್ತರಿಸಿದ ತುದಿಗಳಿಗೆ ಗುರುತು ಹಾಕಬೇಕು, ಗಂಟು ಹಾಕಿದ ರೀತಿಯೂ ಒಂದು ಸಾಕ್ಷ್ಯವೇ. ಹಾಗೇ ಅಂಗಿಯಲ್ಲಿ ಗುಂಡು ತೂರಿದ ತೂತು ಇದ್ದರೆ, ಗಾಯಾಳುವಿನ ಬಟ್ಟೆ ಬಿಚ್ಚುವ ಅವಸರದಲ್ಲಿ ಆ ತೂತಿನ ಮೇಲೇ ಕತ್ತರಿ ಆಡಿಸಬಾರದು.

ಚೀಲಕ್ಕೆ ಟೇಪ್ ಹಾಕಿ, ಅರ್ಧ ಟೇಪಿನ ಮೇಲೆ ಅರ್ಧ ಚೀಲದ ಮೇಲೆ ಬರುವ ಹಾಗೆ ಸಹಿ ಮಾಡುತ್ತಾರೆ. ಮಧ್ಯೆ ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದರೆ ಸಹಿ ಕೂಡುವುದಿಲ್ಲ. ಏನು, ಎಲ್ಲಿ, ಯಾವಾಗ, ಯಾರು ಎತ್ತಿದ್ದು, ಆಮೇಲೆ ಯಾರಿಂದ ಯಾರ ಕೈಗೆ ಹೋಯಿತು, ಎಲ್ಲ ಬರಹದಲ್ಲಿ ಇರಬೇಕು. ಒಂದು ರಾತ್ರಿ ಚೀಲ ಎಲ್ಲಿತ್ತು ಅಂತ ಗೊತ್ತಿಲ್ಲದೆ ಹೋದರೆ, ಆ ರಾತ್ರಿ ಏನು ಬೇಕಾದರೂ ಆಗಿರಬಹುದು ಅಂತ ವಕೀಲರು ಕೇಳಿಯೇ ಕೇಳುತ್ತಾರೆ. ಕೇಳಬೇಕು ಕೂಡ.

ಎಲ್ಲ ಸರಿ ಮಾಡಿದರೂ ಎಡವಬಹುದು. ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ 2007ರಲ್ಲಿ ಒಬ್ಬ ಪೊಲೀಸ್ ಅಧಿಕಾರಿಯ ಕೊಲೆಯಾಯಿತು. ಅಲ್ಲಿ ಸಿಕ್ಕ ಹೆಂಗಸಿನ ಡಿಎನ್ಎ ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್ ಮೂರೂ ಕಡೆಯ ಸುಮಾರು 40 ಘಟನೆಗಳ ಜೊತೆ ಹೊಂದಿಕೆಯಾಯಿತು. ಕೊಲೆ, ಕಳ್ಳತನ, ಒಂದಕ್ಕೊಂದು ಸಂಬಂಧವೇ ಇಲ್ಲದ ಕೇಸುಗಳು. ಪೊಲೀಸರು ವರ್ಷಗಟ್ಟಲೆ ಆ ಹೆಂಗಸಿಗಾಗಿ ಹುಡುಕಿದರು. 2009ರಲ್ಲಿ ಗೊತ್ತಾಯಿತು, ಅಂಥ ಅಪರಾಧಿ ಯಾರೂ ಇರಲೇ ಇಲ್ಲ. ಮಾದರಿ ಎತ್ತಲು ಬಳಸಿದ ಹತ್ತಿ ಕಡ್ಡಿಗಳಲ್ಲೇ ಆ ಡಿಎನ್ಎ ಇತ್ತು. ಅವನ್ನು ತಯಾರಿಸುವಾಗ ಕೆಲಸ ಮಾಡಿದ ಒಬ್ಬ ಹೆಂಗಸಿನದ್ದು. ಕಡ್ಡಿಗಳನ್ನು ಕ್ರಿಮಿಗಳು ಇಲ್ಲದ ಹಾಗೆ ಶುದ್ಧ ಮಾಡಿದ್ದರು, ಆದರೆ ಕ್ರಿಮಿ ಸತ್ತರೆ ಡಿಎನ್ಎ ಹೋಗುತ್ತದೆ ಅಂತಲ್ಲ, ಎರಡೂ ಬೇರೆ ಬೇರೆ. ಬಳಸದ ಒಂದು ಕಡ್ಡಿಯನ್ನೂ ಜೊತೆಗೇ ಪರೀಕ್ಷೆಗೆ ಕಳಿಸಬೇಕು ಅಂತ ನಮಗೆ ಮತ್ತೆ ಮತ್ತೆ ಹೇಳುತ್ತಿದ್ದರು. ಓದುವಾಗ ಅದು ಸುಮ್ನೆ ಜಾಸ್ತಿ ಕೆಲಸ ಅನ್ನಿಸುತ್ತಿತ್ತು. ಈ ಕೇಸ್ ಓದಿದ ಮೇಲೆ ಅನ್ನಿಸಲಿಲ್ಲ.

ನನ್ನನ್ನು ಇನ್ನೂ ಜಾಸ್ತಿ ಕಾಡುವುದು ಆಸ್ಟ್ರೇಲಿಯಾದ ಲಿಂಡಿ ಚೇಂಬರ್ಲಿನ್ ಕೇಸ್. 1980ರ ಆಗಸ್ಟ್‌ನಲ್ಲಿ ಉಲುರು ಬಂಡೆಯ ಹತ್ತಿರದ ಕ್ಯಾಂಪಿನಿಂದ ಆಕೆಯ ಒಂಬತ್ತು ವಾರದ ಕೂಸು ಕಾಣೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಎತ್ತಿಕೊಂಡು ಹೋಯಿತು ಅಂತ ತಾಯಿ ಹೇಳಿದಳು. ಒಂದು ವಾರದ ಮೇಲೆ ಮಗುವಿನ ಬಟ್ಟೆ ಸಿಕ್ಕಿತು. ಅಲ್ಲಿಗೆ ಹೋದ ಪೊಲೀಸ್ ಫೋಟೊ ತೆಗೆಯುವ ಮೊದಲೇ ಬಟ್ಟೆ ಎತ್ತಿ ನೋಡಿ, ಮತ್ತೆ ಕೆಳಗಿಟ್ಟ. ಆಮೇಲೆ ಬಟ್ಟೆ ಹೇಗೆ ಬಿದ್ದಿತ್ತು, ನಾಯಿ ಎಳೆದ ಹಾಗಿತ್ತೋ ಮನುಷ್ಯರು ಇಟ್ಟ ಹಾಗಿತ್ತೋ ಅನ್ನುವುದೇ ದೊಡ್ಡ ವಾದವಾಯಿತು. ಆ ಕುಟುಂಬದ ಕಾರಿನೊಳಗೆ ಕೂಸಿನ ರಕ್ತ ಸಿಡಿದಿದೆ ಅಂತ ಲ್ಯಾಬ್ ಹೇಳಿತು. ಪರೀಕ್ಷೆ ಮಾಡಿದ ಪ್ಲೇಟುಗಳನ್ನು ಎಸೆದುಬಿಟ್ಟಿದ್ದರಿಂದ ಬೇರೆಯವರು ಮತ್ತೆ ನೋಡಲು ಆಗಲಿಲ್ಲ. 1982ರಲ್ಲಿ ತಾಯಿಗೆ ಜೀವಾವಧಿ ಶಿಕ್ಷೆಯಾಯಿತು. ಆ ರಕ್ತದ ಸಿಡಿತ ಅಂದುಕೊಂಡದ್ದು ಕಾರಿನ ಸದ್ದು ಕಡಿಮೆ ಮಾಡಲು ಕಾರ್ಖಾನೆಯಲ್ಲೇ ಸಿಂಪಡಿಸಿದ ವಸ್ತು ಅಂತ ಆಮೇಲೆ ಗೊತ್ತಾಯಿತು.

1986ರಲ್ಲಿ ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನನ್ನು ಹುಡುಕುವಾಗ, ಡಿಂಗೊಗಳ ಗುಹೆಗಳಿರುವ ಕಡೆ ಮಣ್ಣಲ್ಲಿ ಅರ್ಧ ಹೂತಿದ್ದ ಪುಟ್ಟ ಜಾಕೆಟ್ ಸಿಕ್ಕಿತು. ಆ ಸಂಜೆ ಮಗು ಜಾಕೆಟ್ ಹಾಕಿತ್ತು ಅಂತ ತಾಯಿ ಮೊದಲಿನಿಂದಲೂ ಹೇಳುತ್ತಲೇ ಇದ್ದಳು. ಆಕೆಯನ್ನು ಬಿಟ್ಟರು, 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವಿನ ಸಾವಿಗೆ ಡಿಂಗೊ ಕಾರಣ ಅಂತ ಅಧಿಕೃತವಾಗಿ ದಾಖಲಾಗಿದ್ದು 2012ರಲ್ಲಿ, ಮಗು ಕಾಣೆಯಾಗಿ 32 ವರ್ಷಕ್ಕೆ.