ನೀಲಿಕಲ್ಲಿನ ನಾರು ಮತ್ತು ಮೂರು ವಿಜ್ಞಾನಗಳು

ಕಾರವಾರದಿಂದ ಭಟ್ಕಳದವರೆಗಿನ ಕಡಲ ಬಂಡೆಗಳನ್ನು ಕಚ್ಚಿ ಹಿಡಿದಿರುವ ನೀಲಿಕಲ್ಲು ಎಂಬ ಚಿಪ್ಪುಜೀವಿಯನ್ನು ತೊಳೆಯುವಾಗ ನಾವು ಕಿತ್ತೆಸೆಯುವ, ಅದು ಬಂಡೆಗೆ ಅಂಟಿಕೊಳ್ಳಲು ಹೆಣೆಯುವ ನಾರು, ಇಂದು ವೈದ್ಯಕೀಯ, ಎಂಜಿನಿಯರಿಂಗ್ ಮತ್ತು ಸಾಗರ ವಿಜ್ಞಾನ ಮೂರೂ ಗಂಭೀರವಾಗಿ ಅಭ್ಯಸಿಸುತ್ತಿರುವ ವಸ್ತು. ಮೂರನ್ನೂ ಜೊತೆಗಿಟ್ಟು ಓದಿದಾಗ ಮಾತ್ರ ಅದರ ಅಂಟಿನ ಗುಟ್ಟು ಪೂರ್ತಿ ತಿಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಒದ್ದೆಯಾದ ಕಲ್ಲಿಗೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ. ನೀರಿನ ತೆಳುಪದರವೊಂದು ನಡುವೆ ನಿಂತುಬಿಡುತ್ತದೆ. ನಮ್ಮ ನೀಲಿಕಲ್ಲಿನ ಸಂಬಂಧಿಯಾದ, ಅಟ್ಲಾಂಟಿಕ್ ತೀರದ ಚಿಪ್ಪುಜೀವಿಯ ಅಂಟಿನಲ್ಲಿ ಡೋಪಾ ಎಂಬ ಅಮೈನೋ ಆಮ್ಲವಿರುವುದನ್ನು ಹರ್ಬರ್ಟ್ ವೈಟ್ ಮತ್ತು ಅವರ ಸಹೋದ್ಯೋಗಿ 1981ರಲ್ಲಿ ಪ್ರಕಟಿಸಿದರು. ಪಾರ್ಕಿನ್ಸನ್ ರೋಗಿಗಳಿಗೆ ಔಷಧಿಯಾಗಿ ಕೊಡುವುದೂ ಇದೇ ಅಣುವನ್ನು. ನೀಲಿಕಲ್ಲು ತನ್ನ ಪಾದವನ್ನು ಬಂಡೆಗೆ ಒತ್ತಿ, ಅದರ ಅಡಿಯಲ್ಲಿ ಆಮ್ಲೀಯ ವಾತಾವರಣವನ್ನು ಕಾಯ್ದುಕೊಂಡು ಪ್ರೋಟೀನನ್ನು ಸ್ರವಿಸುತ್ತದೆ. ಅಲ್ಲಿ ಡೋಪಾ ನೀರನ್ನು ಸರಿಸಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಪಾದವನ್ನು ಎತ್ತಿದೊಡನೆ ಸುಮಾರು 8 ಪಿಎಚ್‌ನ (ಪಿಎಚ್ ಎಂದರೆ ಆಮ್ಲೀಯತೆಯ ಮಾಪನ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ) ಕಡಲ ನೀರು ಒಳನುಗ್ಗಿ, ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಅಂದರೆ ಅಂಟಿನ ಅರ್ಧ ಕೆಲಸವನ್ನು ಜೀವಿ ಮಾಡಿದರೆ, ಉಳಿದರ್ಧವನ್ನು ಸಮುದ್ರವೇ ಮಾಡುತ್ತದೆ.

ಎಂಜಿನಿಯರುಗಳು ಈ ಎರಡನೆಯ ಅರ್ಧವನ್ನು ಚೆನ್ನಾಗಿ ಗ್ರಹಿಸಿದರು. ಅಮೆರಿಕದ ಫಿಲಿಪ್ ಮೆಸ್ಸರ್‌ಸ್ಮಿತ್ ಅವರ ತಂಡ 2007ರಲ್ಲಿ, ಕಡಲ ನೀರಿನಂತೆಯೇ ಕ್ಷಾರೀಯವಾದ 8.5 ಪಿಎಚ್‌ನ ದ್ರಾವಣದಲ್ಲಿ ಡೋಪಾದ ಹತ್ತಿರದ ಅಣುವಾದ ಡೋಪಮೈನ್ ಬೆರೆಸಿ, ಏನೂ ಅಂಟದ ಟೆಫ್ಲಾನ್ ಮೇಲೂ ಲೇಪನ ಕೂರುವಂತೆ ಮಾಡಿತು. ವೈದ್ಯಕೀಯದಲ್ಲಿ ನನಗೆ ಅತ್ಯಂತ ಭರವಸೆ ಹುಟ್ಟಿಸಿದ್ದು 2017ರ ಕೊರಿಯಾದ ಕೆಲಸ: ಇದೇ ರಾಸಾಯನಿಕ ಗುಣವನ್ನು ಸಿಗಡಿ, ಏಡಿಗಳ ಚಿಪ್ಪಿನಿಂದ ಪಡೆಯುವ ಕೈಟೋಸಾನ್‌ಗೆ ಜೋಡಿಸಿ ಸೂಜಿಗೆ ಲೇಪಿಸಿದಾಗ, ಸೂಜಿ ಹೊರಬರುವಾಗ ಲೇಪನವು ರಂಧ್ರದಲ್ಲೇ ಉಳಿದು, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾ ರೋಗವಿದ್ದ ಇಲಿಗಳಲ್ಲಿಯೂ ರಕ್ತಸ್ರಾವವನ್ನು ತಡೆಯಿತು. ಚುಚ್ಚುಮದ್ದಿಗೂ ಹೆದರಬೇಕಾದ ರೋಗಿಗಳಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಆ ಸಮುದ್ರವೇ ಬದಲಾಗುತ್ತಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಈಗ ಸುಮಾರು 8.1ಕ್ಕೆ ಇಳಿದಿದೆ, ಇದು ಒಂದಂಕ ಇಳಿದರೆ ಆಮ್ಲೀಯತೆ ಹತ್ತುಪಟ್ಟು ಏರುವ ಲಾಗರಿದಮ್ ಮಾಪನವಾದ್ದರಿಂದ ಆಮ್ಲೀಯತೆ ಶೇಕಡಾ 30ರ ಆಸುಪಾಸಿನಲ್ಲಿ ಹೆಚ್ಚಿದಂತಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿದ ನೀರಿನಲ್ಲಿ ಈ ಜೀವಿಗಳು ಹೆಣೆದ ನಾರು ದುರ್ಬಲವಾಗುತ್ತದೆ, ಅದೂ ಬಂಡೆಗೆ ಅಂಟುವ ಬಿಲ್ಲೆಯಲ್ಲೇ ಸೋಲುತ್ತದೆ ಎಂದು ಎಮಿಲಿ ಕ್ಯಾರಿಂಗ್ಟನ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಪ್ರಯೋಗಾಲಯದಲ್ಲಿ ಎಂಜಿನಿಯರ್ ಬೇಕೆಂದಂತೆ ಹೊಂದಿಸಿಕೊಳ್ಳುವ ಪಿಎಚ್ ಅನ್ನು ಬಂಡೆಯ ಮೇಲಿನ ಜೀವಿ ಹೊಂದಿಸಿಕೊಳ್ಳಲಾರದು.

ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಅಳಿವೆಯ ಉಪ್ಪನ್ನು ತೊಳೆದುಹಾಕಿ ನೀರಿನ ಗುಣವನ್ನೇ ಬದಲಿಸುವ ಕಾರವಾರ ಇಂಥ ಅಧ್ಯಯನಕ್ಕೆ ಹೇಳಿಮಾಡಿಸಿದ ಜಾಗ. ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ವಿಭಾಗವಿದೆ, ಊರಲ್ಲೇ ವೈದ್ಯಕೀಯ ಕಾಲೇಜಿದೆ, ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಈ ಮೂರೂ ಕಡೆಯ ವಿದ್ಯಾರ್ಥಿಗಳು ಒಂದೇ ಬಂಡೆಯ ನೀಲಿಕಲ್ಲಿನ ನಾರಿನ ಬಲವನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಒಟ್ಟಾಗಿ ಅಳೆಯಬೇಕೆಂಬುದು ನನ್ನ ಆಸೆ.