ಒಡೆಯದೆ ಉಳಿದ ಬಲೂನು

ಮಾಷ್ಟ್ರು ಹೋದ್ರು ಅಂತ ನಮ್ಮ 92ರ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದದ್ದು ಬೆಳಿಗ್ಗೆ ಆರು ಗಂಟೆಗೆ. ಯಾವ ಮಾಷ್ಟ್ರು ಅಂತ ಒಬ್ರೂ ಕೇಳ್ಲಿಲ್ಲ. ಶಾಲೆಯಲ್ಲಿ ಬೇರೆಯವರನ್ನೆಲ್ಲ ಹಿಂದಿ ಮಾಷ್ಟ್ರು, ಕ್ರಾಫ್ಟ್ ಟೀಚರು, ಹೆಡ್‌ಮಾಷ್ಟ್ರು ಅಂತ ಹೇಳ್ಬೇಕಿತ್ತು, ಬರೀ ಮಾಷ್ಟ್ರು ಅಂದ್ರೆ ಅದು ಕೆಮಿಸ್ಟ್ರಿ ಮಾಷ್ಟ್ರು ಮಾತ್ರ. ಆವತ್ತು ಇಡೀ ದಿನ ನಂಗೆ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಮನಸ್ಸು ನಿಲ್ಲಲಿಲ್ಲ. ಶಾಲೆಯ ಮ್ಯಾಗಜಿನ್‌ಗೆ ಏನಾದ್ರೂ ಬರೆದು ಕೊಡು ಅಂತ ಗ್ರೂಪಿನವರು ಹೇಳಿದಾಗ ನಾನೇ ಬರೀಬೇಕು ಅನಿಸ್ತು, ಯಾಕಂದ್ರೆ ಅವರು ಕಲಿಸಿದ ವಿಷಯದಲ್ಲೇ ಇಪ್ಪತ್ತೈದು ವರ್ಷದಿಂದ ಅನ್ನ ತಿನ್ನುವವ ನಮ್ಮ ಬ್ಯಾಚಿನಲ್ಲಿ ನಾನೊಬ್ಬನೇ.

ನಮ್ಮದು ಕಾಸರಗೋಡಿನ ಪೂರ್ವದ ಗುಡ್ಡದ ಕಡೆ, ಮುಳ್ಳೇರಿಯ ದಾಟಿ ಒಳಗೆ. ಮನೇಲಿ ತುಳು, ಶಾಲೇಲಿ ಕನ್ನಡ, ಬಸ್ಸಲ್ಲಿ ಮಲಯಾಳ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಗೇರು ಕಡಿದು ರಬ್ಬರ್ ಹಾಕಿದ ಮನೆಗಳು ತುಂಬಾ ಇದ್ವು. ಬೆಳಿಗ್ಗೆ ಮರದ ತೊಗಟೆ ಕೆತ್ತುವ ಟ್ಯಾಪಿಂಗ್ ಮುಗಿಸಿ, ಗೆರಟೆಯಿಂದ ರಬ್ಬರ್ ಹಾಲು ಒಟ್ಟುಮಾಡಿ ಅಪ್ಪನಿಗೆ ಕೊಟ್ಟು, ಕೈಯಲ್ಲಿ ಆ ವಾಸನೆ ಇಟ್ಕೊಂಡೇ ಶಾಲೆಗೆ ಬರುವ ಮಕ್ಕಳು ನಾವು. ಆ ವಾಸನೆಗೆ ನಮ್ಗೆ ನಾಚಿಕೆ ಇತ್ತು, ಪೇಟೆಯಿಂದ ಬರ್ತಿದ್ದ ಕೆಲವರು ಮೂಗು ಮುಚ್ಚಿಕೊಳ್ತಿದ್ರು.

ಮಾಷ್ಟ್ರು ಎಂಟನೇ ಕ್ಲಾಸಿನಲ್ಲಿ ಮೊದಲ ದಿನ ಬಂದವರೇ ಹಾಜರಿ ಕೂಡ ಕರೀದೆ, "ಯಾರ ಮನೇಲಿ ರಬ್ಬರ್ ಉಂಟು, ನಾಳೆ ಒಂದು ಬಾಟ್ಲಿ ಹಾಲು ತನ್ನಿ" ಅಂದ್ರು. ಮರುದಿನ ನಾಲ್ಕು ಬಾಟ್ಲಿ ಬಂತು. ಒಂದು ಗ್ಲಾಸಿಗೆ ಸ್ವಲ್ಪ ಹಾಲು ಹಾಕಿ, ನಮ್ಮಲ್ಲೇ ಒಬ್ಬನ ಕೈಯಿಂದ ನೀರು ಬೆರೆಸಿದ ಫಾರ್ಮಿಕ್ ಆಸಿಡ್ ಹಾಕಿಸಿದ್ರು. ಶೀಟು ಮಾಡುವಾಗ ಡಿಶ್ಶಿಗೆ ಹಾಕುವ ಆಸಿಡ್ಡೇ ಅದು, ನಾವು ದಿನಾ ನೋಡುವಂಥದ್ದು. "ಇರುವೆ ಕಚ್ಚಿದಾಗ ಉರೀತದಲ್ಲ, ಆ ಉರಿಯಲ್ಲೂ ಇದೇ ಇರುವುದು" ಅಂದ್ರು. ಹಾಲು ಮೊಸರಿನ ಹಾಗೆ ಹೆಪ್ಪಾಯ್ತು, ಅದನ್ನು ಹಿಂಡಿ ತೊಳೆದು ಉಂಡೆ ಕಟ್ಟಿ ನೆಲಕ್ಕೆ ಹೊಡೆದ್ರು, ಉಂಡೆ ಪುಟಿದು ಕಿಟಕಿಯಿಂದ ಹೊರಗೆ ಹೋಯ್ತು. ಕ್ಲಾಸಿಡೀ ನಕ್ಕಿತು. ಆಮೇಲೆ ಅವರು ಕೇಳಿದ ಪ್ರಶ್ನೆ ನಂಗೆ ಈಗಲೂ ಕಿವಿಯಲ್ಲಿದೆ: "ಹಾಲು ಪುಟೀತದಾ? ಇಲ್ಲ. ಆಸಿಡ್ ಪುಟೀತದಾ? ಇಲ್ಲ. ಮತ್ತೆ ಈ ಪುಟಿಯುವುದು ಎಲ್ಲಿಂದ ಬಂತು ಮಾರಾಯ್ರೇ?"

ಉತ್ತರ ಹೇಳ್ಲೇ ಇಲ್ಲ, ಎರಡು ದಿನ ಕಾಯಿಸಿದ್ರು. ಮೂರನೇ ದಿನ ನಮ್ಮನ್ನು ಗ್ರೌಂಡಿಗೆ ಕರ್ಕೊಂಡು ಹೋಗಿ ಹುಡುಗರನ್ನು ಮೂರು ಸಾಲು ಮಾಡಿ ಕೈ ಕೈ ಹಿಡಿಸಿ ನಿಲ್ಲಿಸಿದ್ರು. ಒಬ್ಬೊಬ್ಬ ಹುಡುಗ ಒಂದೊಂದು ಐಸೊಪ್ರೀನ್, ಅಂದ್ರೆ ರಬ್ಬರಿನ ಒಂದು ಸಣ್ಣ ಅಣು, ಒಂದು ಸಾಲು ಅಂದ್ರೆ ಅವು ಸೇರಿ ಆದ ಉದ್ದದ ಸರಪಣಿ, ಒಂದು ಪಾಲಿಮರ್. ನಡುವಿನ ಸಾಲನ್ನು ಎಳೆದ್ರೆ ಅದೊಂದೇ ಜಾರಿಕೊಂಡು ಹೋಗ್ತದೆ, ಪಕ್ಕದ ಸಾಲುಗಳು ಅಲ್ಲೇ ನಿಲ್ತವೆ. ಆಗ ಅವರು ನಾಲ್ಕೈದು ಬೈರಾಸು, ಅಂದ್ರೆ ಹೆಗಲಿಗೆ ಹಾಕುವ ಟವೆಲು, ತೆಗೆದು ಅಲ್ಲೊಬ್ಬ ಇಲ್ಲೊಬ್ಬನ ಸೊಂಟಕ್ಕೆ ಪಕ್ಕದ ಸಾಲಿನವನ ಜೊತೆ ಸೇರಿಸಿ ಕಟ್ಟಿದ್ರು. ಈಗ ಎಳೆದ್ರೆ ಮೂರೂ ಸಾಲು ಒಟ್ಟಿಗೆ ಬರ್ತವೆ, ಬಿಟ್ರೆ ವಾಪಸ್ ಬಂದು ನಿಲ್ತವೆ. "ಈ ಬೈರಾಸೇ ಗಂಧಕ. 1839ರಲ್ಲಿ ಗುಡ್‌ಇಯರ್ ಅಂತ ಅಮೆರಿಕದವನೊಬ್ಬ ರಬ್ಬರಿಗೆ ಗಂಧಕ ಹಾಕಿ ಬಿಸಿ ಮಾಡಿ ಇದನ್ನೇ ಮಾಡಿದ" ಅಂದ್ರು. ವಲ್ಕನೈಸೇಶನ್ ಅನ್ನುವ ಶಬ್ದ ಬೋರ್ಡಿಗೆ ಬಂದದ್ದು ಅದಾದ ಮೇಲೆ. ನಮ್ಮ ಪಾಠಪುಸ್ತಕದಲ್ಲಿ ಪಾಲಿಮರ್ ಬಗ್ಗೆ ಎಷ್ಟು ಪುಟ ಇತ್ತು, ಇತ್ತೋ ಇಲ್ವೋ ಅಂತ ಕೂಡ ಈಗ ನೆನಪಿಲ್ಲ, ಆದ್ರೆ ನನ್ನ ಸೊಂಟಕ್ಕೆ ಕಟ್ಟಿದ ಬೈರಾಸು ಕೆಂಪು ಚೌಕುಳಿಯದ್ದು ಅಂತ ನೆನಪುಂಟು.

ಅವರ ಲ್ಯಾಬ್ ಅಂದ್ರೆ ಒಂದು ಬಟ್ಟೆಚೀಲ. ಅದರಿಂದ ಏನು ಬರ್ತದೆ ಅಂತ ನಾವು ಕಾಯ್ತಾ ಕೂರುವುದು. ಒಂದು ದಿನ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ ತುಂಬ ನೀರು ತುಂಬಿಸಿ, ನಮ್ಮ ಫಸ್ಟ್ ಬೆಂಚಿನವನ ತಲೆ ಮೇಲೆ ಹಿಡಿದು, ಚೂಪು ಮಾಡಿದ ಪೆನ್ಸಿಲನ್ನು ಈ ಕಡೆಯಿಂದ ಆ ಕಡೆ ಹಾಯಿಸಿಬಿಟ್ರು. ಒಂದು ಹನಿ ಬೀಳ್ಲಿಲ್ಲ. ಪಾಲಿಥೀನಿನ ಸರಪಣಿಗಳು ಪಕ್ಕಕ್ಕೆ ಸರಿದು ಪೆನ್ಸಿಲನ್ನು ಸುತ್ತ ಅಪ್ಪಿ ಹಿಡೀತವೆ, ಹಾಗಾಗಿ ನೀರಿಗೆ ದಾರಿ ಇಲ್ಲ. ಇನ್ನೊಂದು ದಿನ ಫೆವಿಕಾಲಿಗೆ ಬಿಳಿಗಾರದ ನೀರು ಬೆರೆಸಿ ಲೋಳೆಯಂಥದ್ದು ಮಾಡಿದ್ರು, ಈಗಿನ ಮಕ್ಕಳು ಸ್ಲೈಮ್ ಅಂತ ದುಡ್ಡು ಕೊಟ್ಟು ತರ್ತಾರಲ್ಲ, ಅದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳು ಸುಟ್ಟುಕೊಂಡು ಬಂದವನ ಕೈ ಎತ್ತಿ ತೋರಿಸಿ, ಇದೇ ಎಣ್ಣೆಯಿಂದ ರಾಳ ಮಾಡಿ ಬಸ್ಸು ಲಾರಿಗಳ ಬ್ರೇಕ್ ಲೈನಿಂಗಿಗೆ ಹಾಕ್ತಾರೆ, ನೀನು ಬಸ್ಸಿಂದ ಸುರಕ್ಷಿತ ಇಳಿಯುವುದು ಇದರಿಂದಲೂ ಹೌದು ಅಂದಿದ್ರು. ಆವತ್ತಿನಿಂದ ನಮ್ಮ ಕೈ ವಾಸನೆಗೆ ಯಾರೂ ಮೂಗು ಮುಚ್ಚಲಿಲ್ಲ.

ಎಲ್ಲಕ್ಕಿಂತ ನಂಗೆ ಇಷ್ಟ ಆದದ್ದು ರಬ್ಬರ್ ಬ್ಯಾಂಡ್. ಗಬಕ್ಕ ಎಳೆದು ತುಟಿಗೆ ಮುಟ್ಟಿಸಿ ನೋಡಿ, ಬೆಚ್ಚಗೆ. ಎಳೆದೇ ಸ್ವಲ್ಪ ಹೊತ್ತು ಹಿಡಿದು ಆಮೇಲೆ ಬಿಟ್ಟು ಮುಟ್ಟಿಸಿ, ತಣ್ಣಗೆ. ಇದನ್ನು 1805ರಲ್ಲಿ ಬರೆದಿಟ್ಟವರು ಇಂಗ್ಲೆಂಡಿನ ಜಾನ್ ಗಾಫ್, ಅವರಿಗೆ ಕಣ್ಣು ಕಾಣ್ತಿರಲಿಲ್ಲ, ಹಾಗಾಗಿ ತುಟಿಯಿಂದ ನೋಡಿದ್ರು ಅಂತ ಮಾಷ್ಟ್ರು ಹೇಳುವಾಗ ಕ್ಲಾಸು ಪೂರ್ತಿ ನಿಶ್ಶಬ್ದ. ಪರಮಾಣುವಿನ ಪಾಠದಲ್ಲಿ ಬರುವ ಡಾಲ್ಟನ್ನಿಗೆ ಕಲಿಸಿದ್ದೂ ಅವರೇ ಅಂತ ಸೇರಿಸಿದ್ರು. ಬ್ಯಾಂಡಿಗೆ ತೂಕ ಕಟ್ಟಿ ನೇತುಹಾಕಿ ಬಿಸಿನೀರು ಹೊಯ್ದರೆ ಉದ್ದ ಆಗ್ತದಾ ಗಿಡ್ಡ ಆಗ್ತದಾ ಅಂತ ಕೇಳಿದಾಗ ಎಲ್ಲರೂ ಉದ್ದ ಅಂದ್ರು, ನಾನೊಬ್ಬ ಗಿಡ್ಡ ಅಂದೆ. ಗಿಡ್ಡವೇ ಆಯ್ತು. "ಇವ ಮುಟ್ಟಿ ಯೋಚನೆ ಮಾಡಿದ್ದಾನೆ" ಅಂದ್ರು ಮಾಷ್ಟ್ರು. ಅದೇ ಪ್ರಯೋಗ ಇಟ್ಕೊಂಡು ನಾನು ಕುಂಬಳೆ ಉಪಜಿಲ್ಲಾ ವಿಜ್ಞಾನ ಮೇಳದಲ್ಲಿ ಫಸ್ಟ್ ಬಂದೆ, ಆ ಸರ್ಟಿಫಿಕೇಟು ಈಗಲೂ ನನ್ನ ಆಫೀಸು ರೂಮಿನ ಗೋಡೆಯಲ್ಲಿ ಡಿಗ್ರಿಯ ಪಕ್ಕದಲ್ಲೇ ಉಂಟು.

ಈಗ ಬಲೂನಿನ ಕಥೆ. ಹತ್ತನೇ ಕ್ಲಾಸಿನಲ್ಲಿ ವಾರ್ಷಿಕೋತ್ಸವಕ್ಕೆ ಸ್ಟೇಜು ಡೆಕೊರೇಶನ್ ನಮ್ಮ ಜವಾಬ್ದಾರಿ. ಮಧ್ಯಾಹ್ನ ಕೂತು ಮಡಿಕೇರಿ ಕಿತ್ತಳೆ ತಿಂತಾ ಇದ್ದಾಗ ನಮ್ಮಲ್ಲೊಬ್ಬ ಇನ್ನೊಬ್ಬನ ಕಣ್ಣಿಗೆ ಸಿಪ್ಪೆ ಹಿಂಡ್ಲಿಕ್ಕೆ ಹೋದ, ಅದು ಬಲೂನಿಗೆ ಹಾರಿ ಬಲೂನು ಢಂ ಅಂತ ಒಡೆದು ಹೋಯ್ತು. ಇನ್ನೊಂದಕ್ಕೆ ಹಿಂಡಿದ್ವಿ, ಅದೂ ಢಂ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸಂಜೆ ಅತಿಥಿಗಳು ಭಾಷಣಕ್ಕೆ ನಿಂತು "ಪ್ರೀತಿಯ ಮಕ್ಕಳೇ" ಅನ್ನುವಾಗ ಪರದೆಯ ಹಿಂದಿನಿಂದ ನಾವು ನಾಲ್ಕು ಜನ ಕಿತ್ತಳೆ ಸಿಪ್ಪೆ ಹಿಡ್ಕೊಂಡು ಸಾಲಾಗಿ ಶುರು ಮಾಡಿದ್ವಿ. ಒಂದರ ಹಿಂದೆ ಒಂದು, ದೀಪಾವಳಿ ಮಾಲೆಪಟಾಕಿ ಹಾಗೆ. ಅತಿಥಿಗಳು ಭಾಷಣ ಎರಡು ನಿಮಿಷದಲ್ಲಿ ಮುಗಿಸಿದ್ರು. ಹೆಡ್‌ಮಾಷ್ಟ್ರು ಬೆತ್ತ ಹಿಡ್ಕೊಂಡು ಪರದೆ ಹಿಂದೆ ಬಂದಾಗ ನಾವು ಇರ್ಲಿಲ್ಲ, ಕಿತ್ತಳೆ ಸಿಪ್ಪೆ ಮಾತ್ರ ಇತ್ತು.

ಮಾಷ್ಟ್ರಿಗೆ ಗೊತ್ತಾಯ್ತು, ನಮ್ಮ ಬೆರಳು ಮೂಸಿದ್ರೆ ಗೊತ್ತಾಗುವಂಥದ್ದೇ. ಹೆಡ್‌ಮಾಷ್ಟ್ರಿಗೆ ಅವರು ಹೆಸರು ಹೇಳ್ಲಿಲ್ಲ. ಮರುದಿನ ನಮ್ಮ ನಾಲ್ಕು ಜನರನ್ನು ಸ್ಟೇಜಿಗೆ ಕರ್ಕೊಂಡು ಹೋಗಿ ಮೇಲೆ ತೋರಿಸಿದ್ರು. ಅಲ್ಲಿ ಒಂದು ಹಳದಿ ಬಲೂನು ಒಡೆಯದೆ ಉಳಿದಿತ್ತು. "ಇದಕ್ಕೆ ಹಿಂಡ್ಲಿಲ್ವಾ?" ಹಿಂಡಿದ್ದೇವೆ ಮಾಷ್ಟ್ರೇ. "ಮತ್ತೆ ಯಾಕೆ ಒಡೀಲಿಲ್ಲ? ಬಲೂನಿನ ದುಡ್ಡು ಹೆಡ್‌ಮಾಷ್ಟ್ರಿಗೆ ನಾನು ಕೊಟ್ಟಿದ್ದೇನೆ. ನೀವು ಕೊಡಬೇಕಾದ್ದು ಈ ಉತ್ತರ."

ಒಂದು ವಾರ ನಾವು ಅದರ ಹಿಂದೆ ಬಿದ್ವಿ. ಒಂದು ಕ್ಲೂ ಮಾತ್ರ ಕೊಟ್ಟಿದ್ರು, ಹಲಸಿನ ಹಣ್ಣು ಕೊಯ್ಯುವಾಗ ಅಮ್ಮ ಕೈಗೆ ನೀರು ಹಚ್ತಾರಾ ತೆಂಗಿನೆಣ್ಣೆ ಹಚ್ತಾರಾ ಅಂತ ಕೇಳಿ ಬನ್ನಿ ಅಂದಿದ್ರು. ಮೇಣ ಎಣ್ಣೆಗೆ ಬಿಡ್ತದೆ, ನೀರಿಗೆ ಬಿಡುವುದಿಲ್ಲ. ಕಿತ್ತಳೆ ಸಿಪ್ಪೆಯಲ್ಲಿ ಇರುವುದೂ ಒಂದು ಎಣ್ಣೆ, ಲಿಮೊನೀನ್, ಅದು ರಬ್ಬರನ್ನು ಮೆತ್ತಗೆ ಮಾಡ್ತದೆ. ಸರಿ, ಹಳದಿ ಬಲೂನು? ಮನೇಲಿ ಬಲೂನು ಊದಿ ಊದಿ ಕೊನೆಗೆ ಸಿಕ್ಕಿತು: ಅದಕ್ಕೆ ಗಾಳಿ ಕಮ್ಮಿ ಇತ್ತು. ಸರಪಣಿಗಳು ಬಿಗಿಯಾಗಿ ಎಳೆದು ನಿಂತಿದ್ರೆ ಮಾತ್ರ ಸಣ್ಣ ಜಾಗ ಮೆತ್ತಗಾದ ಕೂಡ್ಲೇ ಹರೀತದೆ, ಸಡಿಲ ಇದ್ರೆ ತಡ್ಕೊಳ್ತದೆ. ಹೋಗಿ ಹೇಳಿದಾಗ ಮಾಷ್ಟ್ರು ನಮ್ಮ ನಾಲ್ಕೂ ಜನರಿಗೆ ಕ್ಯಾಂಟೀನಿನಲ್ಲಿ ಗೋಳಿಬಜೆ ತೆಗೆಸಿಕೊಟ್ರು.

ಈಗ ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಪ್ಲಾಸ್ಟಿಕ್ ಪೈಪ್ ಮಾಡುವ ಒಂದು ಕಡೆ ಕ್ವಾಲಿಟಿ ಲ್ಯಾಬಿನ ಹೆಡ್. ನನ್ನ ಕೆಳಗೆ ಹದಿನಾಲ್ಕು ಜನ ಇದ್ದಾರೆ. ಪೈಪ್ ಯಾಕೆ ಸೀಳ್ತದೆ ಅಂತ ಹುಡುಕುವುದು ನನ್ನ ಕೆಲಸ, ಎಷ್ಟೋ ಸಲ ಬೇರೆಯವರಿಗೆ ಹೊಳೆಯದ ಕಾರಣ ನಂಗೆ ಹೊಳೆದಿದೆ, ಒತ್ತಡದಲ್ಲಿರುವ ಜಾಗಕ್ಕೆ ಏನು ತಾಗಿದೆ ಅಂತ ಮೊದಲು ನೋಡ್ತೇನೆ, ಅದು ಹಳದಿ ಬಲೂನಿನ ಪಾಠವೇ. ಕೆಲಸಕ್ಕೆ ಬರುವ ಹುಡುಗರಿಗೆ ಇಂಟರ್ವ್ಯೂದಲ್ಲಿ ರಬ್ಬರ್ ಬ್ಯಾಂಡ್ ಕೊಡ್ತೇನೆ. ಎಂಎಸ್ಸಿ ಮಾಡಿದವರು ಎಂಟ್ರೊಪಿ ಅಂತ ಫಾರ್ಮುಲಾ ಬರೀತಾರೆ, ಬೆಚ್ಚಗಾಗ್ತದಾ ತಣ್ಣಗಾಗ್ತದಾ ಅಂದ್ರೆ ಮುಖ ನೋಡ್ತಾರೆ. ನಂಗೆ ನಿಜವಾಗಿ ಸಂಕಟ ಆಗ್ತದೆ.

ಊರಲ್ಲೂ ಹಾಗೇ. ಕ್ಲಾಸು ರೂಮು ಹೈಟೆಕ್ ಆಗಿದೆ, ಪ್ರೊಜೆಕ್ಟರ್ ಉಂಟು, ಬೇಡ ಅಂತ ನಾನು ಹೇಳುವುದಿಲ್ಲ. ಆದ್ರೆ ನನ್ನ ಅಣ್ಣನ ಮಗಳು ಸ್ಲೈಮ್ ಮಾಡುವುದನ್ನು ವಿಡಿಯೋದಲ್ಲಿ ನೋಡಿ ಪರೀಕ್ಷೆಯಲ್ಲಿ ಎ ಪ್ಲಸ್ ತೆಗೆದಿದ್ದಾಳೆ, ಮನೆ ಹಿಂದಿನ ರಬ್ಬರ್ ಹಾಲು ಒಮ್ಮೆಯೂ ಮುಟ್ಟಿಲ್ಲ. ಅವಳ ಕನ್ನಡ ಮೀಡಿಯಂ ಕ್ಲಾಸಿಗೆ ಒಂದು ವರ್ಷ ಕನ್ನಡವೇ ಬಾರದ ಟೀಚರ್ ಬಂದಿದ್ರು, ಪಾಪ ಆ ಟೀಚರನ್ನು ಯಾಕೆ ಬೈಬೇಕು, ಆದ್ರೆ ಆ ಮಕ್ಕಳು ಪ್ರಶ್ನೆ ಕೇಳುವುದು ಯಾವ ಭಾಷೆಯಲ್ಲಿ? "ಪುಟಿಯುವುದು ಎಲ್ಲಿಂದ ಬಂತು ಮಾರಾಯ್ರೇ" ಅಂತ ನಮ್ಮ ಮಾತಲ್ಲೇ ಕೇಳಿದ್ದರಿಂದ ತಾನೇ ಅದು ನಮ್ಮ ತಲೆಯೊಳಗೆ ಕೂತದ್ದು.

ಕಳೆದ ವರ್ಷ ಮಾಷ್ಟ್ರನ್ನು ನೋಡ್ಲಿಕ್ಕೆ ಹೋಗಿದ್ದೆ. ನಡೆಯುವುದು ಕಷ್ಟ ಆಗಿತ್ತು. ಮೊಮ್ಮಗುವಿನ ಡೈಪರ್ ಒಂದನ್ನು ಕತ್ತರಿಸಿ ಅದರ ಪುಡಿಯನ್ನು ಲೋಟಕ್ಕೆ ಹಾಕಿ ನೀರು ಹೊಯ್ದು ಜೆಲ್ ಮಾಡಿ ನಂಗೆ ತೋರಿಸಿದ್ರು. ಲೋಟ ಬೋರಲು ಹಾಕಿದ್ರೂ ಬೀಳುವುದಿಲ್ಲ. ಆಮೇಲೆ ಉಪ್ಪು ಹಾಕಿದ್ರು, ಜೆಲ್ ಕರಗಿದ ಹಾಗೆ ಕುಸಿದು ನೀರು ಬಿಟ್ಟಿತು. ಅದು ಸೋಡಿಯಂ ಪಾಲಿಅಕ್ರಿಲೇಟ್ ಅಂತ ನಂಗೆ ಗೊತ್ತಿತ್ತು, ಹೇಳಿದೆ. "ಅದು ಹೆಸರು. ಉಪ್ಪಿನ ಬದ್ಲು ಸಕ್ಕರೆ ಹಾಕಿದ್ರೆ ಎಂತಾಗ್ತದೆ?" ಅಂದ್ರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದ್ರು, "ಹೇಳ್ಬೇಡ, ಹಾಕಿ ನೋಡು."

ಮನೆಗೆ ಬಂದು ಹಾಕಿ ನೋಡಿದೆ. ಜೆಲ್ ಹಾಗೇ ನಿಂತಿತು. ಫೋನ್ ಮಾಡಿ ಹೇಳಿದೆ, ಉಪ್ಪಿನ ಹಾಗೆ ಚಾರ್ಜ್ ಇರುವ ಅಯಾನ್ ಸಕ್ಕರೆಯಲ್ಲಿ ಇಲ್ಲ ಅಲ್ವಾ ಮಾಷ್ಟ್ರೇ ಅಂತ ಕಾರಣವನ್ನೂ ಹೇಳಿದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಕೆಮ್ಮು. ಆಮೇಲೆ, "ಎಷ್ಟು ಚಮಚ ಹಾಕಿದ್ದು? ನಾನು ಉಪ್ಪು ಹಾಕಿದಷ್ಟೇ ಹಾಕಿದ್ಯಾ?" ಅಂದ್ರು. ನಾನು ಅಳತೆ ಮಾಡಿರ್ಲಿಲ್ಲ. "ಹಾಗಾದ್ರೆ ಇನ್ನೊಮ್ಮೆ ಮಾಡು" ಅಂದು ಫೋನ್ ಇಟ್ರು. ಅವರ ಜೊತೆ ಕೊನೆಗೆ ಮಾತಾಡಿದ್ದು ಅದು. ಮೊನ್ನೆ ಹನ್ನೊಂದನೇ ದಿನದ ಊಟ ಮುಗಿಸಿ ಬಂದು, ಲ್ಯಾಬಿನಲ್ಲಿ ಎಲ್ಲರೂ ಹೋದ ಮೇಲೆ, ಎರಡು ಬೀಕರ್ ಇಟ್ಟು, ಒಂದಕ್ಕೆ ಐದು ಗ್ರಾಂ ಉಪ್ಪು, ಇನ್ನೊಂದಕ್ಕೆ ಐದು ಗ್ರಾಂ ಸಕ್ಕರೆ ತೂಗಿ ಹಾಕಿದೆ.